ಬಾಕಿ ನಲವತ್ತೊಂದು ದಿನ

ಪರದೆಯ ಅಡಿಯಲ್ಲಿ ಹಸಿರು ಗೆರೆಯೊಂದು ತೆವಳುತ್ತದೆ.
ಒಂದು ಕೋಟಿ ಹದಿನೆಂಟು ಲಕ್ಷ ಇಮೇಲು,
ಇಪ್ಪತ್ತಮೂರು ವರ್ಷದ ಗೇರುಬೀಜದ ವ್ಯಾಪಾರ.
ಎಲ್ಲ ಓದಿ, ಪದ ಬಿಡಿಸಿ, ಯಾವ ಪದ ಎಲ್ಲೆಲ್ಲಿ ಎಂದು
ಸೂಚಿ ಕಟ್ಟಲು
ಬಾಕಿ ನಲವತ್ತೊಂದು ದಿನ, ಅನ್ನುತ್ತದೆ ಸರ್ವರು
ಒಂಚೂರೂ ನಾಚಿಕೆಯಿಲ್ಲದೆ.

ಇವತ್ತು ಗುರುವಾರ.
ಸೋಮವಾರ ಹತ್ತೂವರೆಗೆ ವಕೀಲರಿಗೆ ಬೇಕು ಒಂದೇ ಒಂದು ಕಾಗದ:
ಬಿಸ್ಸಾವಿನ ಹಡಗು ಪಣಂಬೂರಿಗೆ ಬಂದಾಗ
ಚೀಲ ಒದ್ದೆಯಾಗಿದೆಯೆಂದು
ವಿಮೆಯವರಿಗೆ ನಾವು ಬರೆದದ್ದು.
ಬರೆದ ರೆಬೆಲ್ಲೊ ಸರ್ ಈಗ ಮಸ್ಕತ್ತಿನಲ್ಲಿ.
"ಬರೆದಿದ್ದೆ ಮಾರಾಯ್ತಿ, ದೇವರಾಣೆ ಬರೆದಿದ್ದೆ.
ವರ್ಷ ನೆನಪಿಲ್ಲ. ಶುಕ್ರವಾರ.
ಆ ದಿನ ಕ್ಯಾಂಟೀನಿನಲ್ಲಿ ಬಂಗುಡೆ ಇತ್ತು."

ಬಂಗುಡೆಯಿಂದ ಹುಡುಕುವ ಸೂಚಿಯನ್ನು
ಇನ್ನೂ ಯಾರೂ ಕಟ್ಟಿಲ್ಲ.

ಬೈಕಂಪಾಡಿಯ ಈ ಕೋಣೆ ಮೊದಲು ಗೋಣಿ ಇಡುವ ಗೋದಾಮು.
ಏಸಿಯ ಗಾಳಿಯಲ್ಲೂ ಸಿಪ್ಪೆಯೆಣ್ಣೆಯ ಘಾಟು.
ಗಾಜಿನಾಚೆ ಉದ್ದ ಮೇಜು, ಬಿಳಿ ಟೊಪ್ಪಿಯ ಹೆಂಗಸರು,
ಇಡಿ, ಅರೆ, ತುಂಡು, ಕಂದಿದ್ದು ಅಂತ
ಬೀಜ ಆರಿಸುವ ಬೆರಳು; ಕಣ್ಣು ಬೇರೆಲ್ಲೋ, ಮಾತು ಬೇರೆಲ್ಲೋ.

ಚಹಾದ ಹೊತ್ತಿಗೆ ಗುಲಾಬಿ ಸಾಲ್ಯಾನ್ ಬಾಗಿಲಲ್ಲಿ ನಿಂತು
"ಎಂತ ಇದು, ಮೂರು ದಿನದಿಂದ ಗೆರೆ ಅಲ್ಲೇ ಉಂಟು?"
ಹೇಳಿದೆ: ಒಂದು ಕಾಗದ ಓದುತ್ತದೆ,
ದೊಡ್ಡ ಲೆಕ್ಕದ ಪುಸ್ತಕ ತೆರೆಯುತ್ತದೆ,
ಬರೆಯುತ್ತದೆ, ಮುಚ್ಚುತ್ತದೆ,
ಡಿಸ್ಕು "ಹೂಂ" ಅನ್ನುವವರೆಗೆ ಕಾಯುತ್ತದೆ,
ಆಮೇಲೆ ಇನ್ನೊಂದು ಕಾಗದ.
ಗುಲಾಬಿಯಕ್ಕ ನಕ್ಕರು.
"ಒಂದೊಂದೇ ಬೀಜ ಹಿಡ್ಕೊಂಡು ತಕ್ಕಡಿಗೆ ಓಡಿದ್ರೆ
ನಮ್ಗೆ ಸಂಬಳ ಕೊಡ್ತಾರಾ?"

ಆ ರಾತ್ರಿಯೇ ತಟ್ಟೆ ಇಟ್ಟೆ:
ಇಪ್ಪತ್ತು ಸಾವಿರ ಕಾಗದ ಆಗುವವರೆಗೆ ಮೆಮೊರಿಯಲ್ಲೇ ಇರಲಿ,
ತುಂಬಿದ ಮೇಲೆ ಒಮ್ಮೆ ಸುರಿ.
ಒಬ್ಬಳೇ ಕೂತಿದ್ದ ಮೇಜಿಗೆ ಎಂಟು ಜನ, ವರ್ಷ ಹಂಚಿಕೊಂಡು.
ಉತ್ತರದ ಬಾಲಕ್ಕೆ ಉತ್ತರದ ಬಾಲ, ಒಂದೇ ಮಾತು ಹದಿನಾಲ್ಕು ಸಲ:
ಕತ್ತರಿಸಿದೆ.
ಪ್ರತಿ ಸಹಿಯ ಕೆಳಗೂ ಕಂಪೆನಿಯ ಕೆಂಪು ಗೇರುಹಣ್ಣಿನ ಚಿತ್ರ;
ಒಳಗೆ ಅಕ್ಷರ ಇದ್ದೀತೆಂದು ಅದನ್ನೂ
ಲಕ್ಷಾಂತರ ಸಲ ಬಿಚ್ಚಿ ನೋಡಿತ್ತು, ಪಾಪ.
ಎಲ್ಲ ಕಾಗದದಲ್ಲೂ ಇರುವ ಮಾತು ಸೂಚಿಗೆ ದಂಡ:
ಡಿಯರ್, ಥ್ಯಾಂಕ್ಸ್, ತಮ್ಮ ವಿಶ್ವಾಸಿ, ಆದಷ್ಟು ಬೇಗ.
"ಆದಷ್ಟು ಬೇಗ" ಒಂದೇ ಎಪ್ಪತ್ತು ಲಕ್ಷ ಸಲ ಇತ್ತು.

ಊರಿನ ಹೆಸರು ಇನ್ನೊಂದು ತಲೆನೋವು:
ಮಂಗಳೂರು, ಮ್ಯಾಂಗಲೋರ್, ಕುಡ್ಲ, ಕೊಡಿಯಾಲ್, ಮೈಕಾಲ.
ಐದೂ ಒಂದೇ ಅಂತ ಯಂತ್ರಕ್ಕೆ ಹೇಳಿಕೊಟ್ಟೆ.
ಪೂರ್ತಿ ನಿಜ ಅಂತ ನನಗೇ ನಂಬಿಕೆಯಿಲ್ಲ.

ನಲವತ್ತೊಂದು ಒಂಬತ್ತಾಯಿತು.
ಶುಕ್ರವಾರ ಸಂಜೆಗೆ ಎರಡಾಯಿತು.
ಕಸ, ಕರಡು, ಎರಡೂ ಫೋಲ್ಡರು ಬಿಟ್ಟರೆ ಒಂದೂವರೆ;
ಬೆರಳು ಗುಂಡಿಯ ಮೇಲೆಯೇ ಇತ್ತು.
ಗಾಜಿನಾಚೆ ಗುಲಾಬಿಯಕ್ಕ ಮೇಜಿನಡಿಗೆ ಬಗ್ಗಿ
ನುಚ್ಚು ಗುಡಿಸಿ ಬೇರೊಂದು ಡಬ್ಬಕ್ಕೆ ಹಾಕುತ್ತಿದ್ದರು.
ಕಸ ಬಿಟ್ಟೆ.
ಕರಡು ಇರಲಿ ಅಂದುಕೊಂಡೆ, ಯಾಕೋ.

ಭಾನುವಾರ ಕಳೆದು ರಾತ್ರಿ ಎರಡೂವರೆ.
ಬಿಸ್ಸಾವು, ಚೀಲ, ಒದ್ದೆ ಅಂತ ಕುಟ್ಟಿದೆ.
ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಮೂವತ್ತೊಂದು ಕಾಗದ,
ಅದರಲ್ಲಿ ಒಂದು ರೆಬೆಲ್ಲೊ ಸರ್ ಅವರದು.

ಕರಡಿನಲ್ಲಿ.
ಶುಕ್ರವಾರ, ಹನ್ನೆರಡು ಐವತ್ತೆರಡು.
"ಮಾನ್ಯರೇ, ಮೂರನೇ ಹೋಲ್ಡಿನ ಚೀಲಗಳು ಒದ್ದೆಯಾಗಿವೆ,
ಸರ್ವೇಯರನ್ನು ಕೂಡಲೇ"
ಅಷ್ಟೇ. ಪೂರ್ಣವಿರಾಮವೂ ಇಲ್ಲ.

ಹಸಿರು ಗೆರೆ ತುಂಬಿದೆ.
ಬಾಕಿ ಏನೂ ಇಲ್ಲ, ಅನ್ನುತ್ತದೆ ಸರ್ವರು.
ಮಸ್ಕತ್ತಿನಲ್ಲಿ ಈಗ ಒಂದು ಗಂಟೆ.
ಎಬ್ಬಿಸಿ ಎಂತ ಕೇಳಲಿ?
ಬಂಗುಡೆ ಪುಳಿಮುಂಚಿಯಾ, ಕಾಯಿಸಿದ್ದಾ?